ಕಿತ್ತೂರಿನ ಕೈದಿ, ಕನ್ನಡದ ಪ್ರೇಮಿ!

‘ಕಿತ್ತೂರು ಚೆನ್ನಮ್ಮ’ ನೋಡದವರು ನಮ್ಮ ಕಡೆ ಯಾರಿದ್ದಾರೆ ಹೇಳಿ? 1961ರ ಚಿತ್ರ. ಬಿ. ಆರ್. ಪಂತುಲು ನಿರ್ದೇಶನ, ರಾಣಿಯಾಗಿ ಬಿ. ಸರೋಜಾದೇವಿ, ಮಲ್ಲಸರ್ಜನಾಗಿ ನಮ್ಮ ಅಣ್ಣಾವ್ರು! ಅಪ್ಪ-ಅಜ್ಜಂದಿರು ಟಾಕೀಸಿನಲ್ಲಿ ನೋಡಿದರು, ನಾವು ಟೀವಿಯಲ್ಲಿ, ಮೊಬೈಲಿನಲ್ಲಿ ನೋಡಿದೆವು. ಕಪ್ಪ ಕೇಳುವ ಬಿಳಿಯನಿಗೆ ರಾಣಿ ಉತ್ತರ ಕೊಡುವ ದೃಶ್ಯ ಬಂದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಥ್ಯಾಕರೆ ಸಾಹೇಬ ನೆಲಕ್ಕುರುಳಿದರೆ ಸೀಟಿ!

ಸರಿ, ಸೀಟಿ ಹೊಡೆದಾಯ್ತು. ಈಗ ಒಂದು ಪ್ರಶ್ನೆ. ಥ್ಯಾಕರೆ ಸತ್ತ, ಅವನ ಜೊತೆ ಬಂದವರು ಏನಾದರು?

ಆ ಕತೆ ಕೇಳಿ. ಅದು ಯಾವ ಸಿನಿಮಾಕ್ಕೂ ಕಡಿಮೆ ಇಲ್ಲ.

ಇಪ್ಪತ್ತೊಂದರ ಹುಡುಗ

1824ರ ಅಕ್ಟೋಬರ್ 23. ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರು ಕೋಟೆಯ ಮುಂದೆ ಗುಂಡಿಗೆ ಬಲಿಯಾದ. ಅವನ ಕೈಕೆಳಗಿನ ಇಬ್ಬರು ಇಂಗ್ಲಿಷ್ ಅಧಿಕಾರಿಗಳು ಸೆರೆ ಸಿಕ್ಕರು. ಒಬ್ಬನ ಹೆಸರು ಸ್ಟೀವನ್‌ಸನ್. ಇನ್ನೊಬ್ಬ ವಾಲ್ಟರ್ ಎಲಿಯಟ್. ಎಲಿಯಟ್‌ಗೆ ಆಗ ವಯಸ್ಸು ಬರೀ ಇಪ್ಪತ್ತೊಂದು! ನಿಮ್ಮ ವಯಸ್ಸಿನವನೇ ಅನ್ನಿ. ಹುಟ್ಟಿದ್ದು 1803ರಲ್ಲಿ, ಸ್ಕಾಟ್ಲೆಂಡಿನ ಮನೆತನ. ಕಂಪನಿ ನೌಕರಿ ಹಿಡಿದು ಮದರಾಸಿಗೆ ಬಂದು ಇಳಿದವನು, ಸುತ್ತಿ ಸುತ್ತಿ ಬಂದು ಬಿದ್ದದ್ದು ಕಿತ್ತೂರಿನಲ್ಲಿ, ಕೈದಿಯಾಗಿ.

ಡಿಸೆಂಬರ್ ಹೊತ್ತಿಗೆ ಮಾತುಕತೆ ನಡೆದು ಇಬ್ಬರೂ ಜೀವಸಹಿತ ಹೊರಗೆ ಬಂದರು. ಅದೇ ತಿಂಗಳು ಕಂಪನಿಯ ಫೌಜು ಕೋಟೆ ಹಿಡಿಯಿತು. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಕಣ್ಣು ಮುಚ್ಚಿದರು. ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಇದೆಲ್ಲ ನಿಮಗೆ ಗೊತ್ತಿದ್ದದ್ದೇ.

ಗೊತ್ತಿಲ್ಲದ್ದು ಮುಂದಿನದು. ಬೇರೆ ಯಾರಾದರೂ ಆಗಿದ್ದರೆ ‘ಈ ಊರ ಸಹವಾಸ ಸಾಕಪ್ಪಾ’ ಅಂತ ಮೊದಲ ಹಡಗು ಹತ್ತುತ್ತಿದ್ದರು. ಎಲಿಯಟ್ ಹೋಗಲಿಲ್ಲ. 1833ರವರೆಗೆ ನಮ್ಮ ಸೀಮೆಯಲ್ಲೇ ಉಳಿದ. ಹಗಲು ಸರಕಾರಿ ಕೆಲಸ. ಬಿಡುವಾದರೆ ಶಿಕಾರಿ. ಶಿಕಾರಿಗಿಂತ ದೊಡ್ಡ ಹುಚ್ಚು ಒಂದಿತ್ತು, ಕಲ್ಲು ಓದುವುದು! ಗುಡಿಯ ಮುಂದೆ, ಕೆರೆಯ ದಂಡೆಯ ಮೇಲೆ, ಹೊಲದ ಬದುವಿನಲ್ಲಿ ಬಿದ್ದಿದ್ದ ಶಾಸನಗಳು. ಊರವರಿಗೇ ಓದಲು ಬಾರದ ಹಳಗನ್ನಡ. ದನ ಮೈ ತಿಕ್ಕಿಕೊಳ್ಳುತ್ತಿದ್ದ ಆ ಕಲ್ಲುಗಳ ಅಕ್ಷರವನ್ನು ಪಂಡಿತರ ಸಹಾಯದಿಂದ ಬರೆಸಿ, ಓದಿಸಿ, ತಿಳಿದುಕೊಂಡು ಕೂಡಿಟ್ಟ. ಎಷ್ಟು ಅಂತೀರಿ? ಅವನ ಹಸ್ತಪ್ರತಿಯಲ್ಲಿರುವ ಶಾಸನಗಳು 595! ಆ ಕಲ್ಲುಗಳ ಆಧಾರದ ಮೇಲೆ ಚಾಲುಕ್ಯರ ವಂಶಾವಳಿ ಹಿಡಿದು ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಲೇಖನ ಬರೆದ. ನಮ್ಮ ಭಾಗದ ಕಾಡುಪ್ರಾಣಿಗಳ ಪಟ್ಟಿ ಮಾಡಿದಾಗ ಅವುಗಳ ಕನ್ನಡ ಹೆಸರುಗಳನ್ನೂ ಬಿಡದೆ ಬರೆದ.

ನೌಕರಿಯ ಭಾಷೆ, ಹುಚ್ಚಿನ ಭಾಷೆ

ನಾನು ಪಿಯುಸಿ ಅರ್ಧಕ್ಕೆ ಬಿಟ್ಟವನು. ಕಾಲೇಜು ಬಿಟ್ಟಿತು, ಭಾಷೆಯ ಹುಚ್ಚು ಬಿಡಲಿಲ್ಲ. ನನಗೆ ಹಿಂದಿ ಕಲಿಸಿದ್ದು ಸಿನಿಮಾ. ಮರಾಠಿ ಕಲಿಸಿದ್ದು ಬೆಳಗಾವಿಯ ಪೇಟೆ. ಇಂಗ್ಲಿಷು ಕಲಿಸಿದ್ದು ರದ್ದಿ ಅಂಗಡಿಯ ಹಳೇ ಪುಸ್ತಕ, ಜೊತೆಗೊಂದು ಡಿಕ್ಷನರಿ. ಹಾಗಾಗಿ ಎಲಿಯಟ್‌ನ ಕತೆ ಸಿಕ್ಕಾಗ ನನಗೆ ಮೊದಲು ಹುಟ್ಟಿದ ಪ್ರಶ್ನೆ: ಇವನಿಗೆ ಇದೆಲ್ಲ ಯಾಕೆ ಬೇಕಾಗಿತ್ತು?

ನೌಕರಿಗೆ ಅಂತೀರಾ? ಕಂಪನಿಯ ಹೊಸ ಅಧಿಕಾರಿಗಳಿಗೆ ಮದರಾಸಿನ ಸೇಂಟ್ ಜಾರ್ಜ್ ಕೋಟೆಯ ಕಾಲೇಜಿನಲ್ಲಿ ದೇಶಭಾಷೆ ಕಲಿಸುತ್ತಿದ್ದರು, ನಿಜ. ಪರೀಕ್ಷೆಯೂ ಇತ್ತು. ಆದರೆ ಕಂದಾಯ ವಸೂಲಿಗೆ ಹಳಗನ್ನಡ ಬೇಕೇನ್ರಿ? ಸಾವಿರ ವರ್ಷದ ಹಿಂದಿನ ದಾನಶಾಸನ ಓದಿದರೆ ಬಡ್ತಿ ಕೊಡುತ್ತಾರೇನು? ನೌಕರಿಗಾಗಿ ಕಲಿತ ಭಾಷೆ ಪೆನ್ಷನ್ ಬಂದ ದಿನ ಮರೆತುಹೋಗುತ್ತದೆ. ಹುಚ್ಚಿಗೆ ಬಿದ್ದು ಕಲಿತದ್ದು ಸಾಯುವ ತನಕ ಬಿಡುವುದಿಲ್ಲ.

ಸಾಕ್ಷಿ ಬೇಕೆ? ಎಲಿಯಟ್ 1860ರಲ್ಲಿ ನೌಕರಿ ಮುಗಿಸಿ ಸ್ಕಾಟ್ಲೆಂಡಿಗೆ ಮರಳಿದ. ಮುಪ್ಪಿನಲ್ಲಿ ಕಣ್ಣು ಹೋಯಿತು. ಆದರೂ ದಕ್ಷಿಣ ಭಾರತದ ನಾಣ್ಯಗಳ ಮೇಲೆ ಪುಸ್ತಕ ಮುಗಿಸಿದ. 1887ರ ಮಾರ್ಚ್ 1ರಂದು ತೀರಿಕೊಂಡ. ಅವತ್ತು ಬೆಳಗ್ಗೆ ಮಾಡಿದ ಕೆಲಸ ಏನು ಗೊತ್ತೇ? ತಮಿಳು ಪಂಡಿತ ಜಿ. ಯು. ಪೋಪ್ ಅವರಿಗೆ, ತಮಿಳಿನ ‘ಕುರಳ್’ ವಿಚಾರವಾಗಿ, ಬಾಯಲ್ಲಿ ಹೇಳಿ ಕಾಗದ ಬರೆಸಿ ಸಹಿ ಹಾಕಿದ್ದು! ಕಿತ್ತೂರಿನ ಸೆರೆ ಕಂಡು ಅರವತ್ತೆರಡು ವರ್ಷ ಕಳೆದಿತ್ತು.

ಪುಲಿಕೇಶಿಯ ಕಿರೀಟದ ಹಿಂದೆ

ಎಲಿಯಟ್‌ನ 595 ಶಾಸನಗಳ ಹಸ್ತಪ್ರತಿ ಮುಂದೆ ಒಬ್ಬನ ಕೈಗೆ ಬಂತು. ಜಾನ್ ಫೇತ್‌ಫುಲ್ ಫ್ಲೀಟ್. 1847ರಲ್ಲಿ ಹುಟ್ಟಿದವನು, 1867ರಲ್ಲಿ ಮುಂಬಯಿ ಪ್ರಾಂತದ ನೌಕರಿಗೆ ಬಂದ. ಬೆಳಗಾವಿ-ಧಾರವಾಡ ಸೀಮೆ ಸುತ್ತಿದ. ಎಲಿಯಟ್ ಎಲ್ಲಿ ಬಿಟ್ಟಿದ್ದನೋ ಅಲ್ಲಿಂದ ಹಿಡಿದ.

ಸವದತ್ತಿಯ ಗೆಳೆಯರು ಇಲ್ಲಿ ಕಾಲರ್ ಎತ್ತಬಹುದು! ಬೆಳಗಾವಿಗೆ ಹೋಗುವ ಮುಂಚೆ ರಟ್ಟ ಅರಸರ ರಾಜಧಾನಿ ನಿಮ್ಮೂರು. ಆಗಿನ ಹೆಸರು ಸುಗಂಧವರ್ತಿ. ಆ ರಟ್ಟರ ಶಾಸನಗಳನ್ನು ಓದಿ, ಅನುವಾದ ಮಾಡಿ ಅಚ್ಚು ಹಾಕಿಸಿದವನು ಈ ಫ್ಲೀಟ್. 1882ರಲ್ಲಿ ಕನ್ನಡ ಜಿಲ್ಲೆಗಳ ರಾಜವಂಶಗಳ ಮೇಲೆ ಪುಸ್ತಕ ಬರೆದ. ಮರುವರ್ಷ ಭಾರತ ಸರಕಾರವೇ ಅವನನ್ನು ಶಾಸನತಜ್ಞನಾಗಿ ನೇಮಿಸಿತು.

ಸಿನಿಮಾ ಅಭಿಮಾನಿಗೆ ಇದರಿಂದ ಏನು ಅಂತ ಕೇಳಬೇಡಿ. 1967ರಲ್ಲಿ ರಾಜಕುಮಾರ್ ‘ಇಮ್ಮಡಿ ಪುಲಿಕೇಶಿ’ ಆದರಲ್ಲ, ಆ ಪುಲಿಕೇಶಿ ಹರ್ಷನನ್ನು ಸೋಲಿಸಿದ ಸುದ್ದಿ ಕೆತ್ತಿದ್ದು ಐಹೊಳೆಯ ಮೇಗುತಿ ಗುಡಿಯ ಗೋಡೆಯ ಮೇಲೆ. ಕ್ರಿ.ಶ. 634ರ ಶಾಸನ. 1870ರ ದಶಕದಲ್ಲಿ ಅದನ್ನು ಓದಿ ಪ್ರಕಟಿಸಿದವರಲ್ಲಿ ಫ್ಲೀಟ್ ಮೊದಲಿಗ. ಅಣ್ಣಾವ್ರ ತಲೆಯ ಮೇಲಿನ ಆ ಕಿರೀಟದ ಹಿಂದೆ ಗೋಡೆಯ ಮುಂದೆ ನಿಂತು ಒಂದೊಂದೇ ಅಕ್ಷರ ಕೂಡಿಸಿದ ಜನರ ಬೆವರಿದೆ.

ಗಲ್ಲಿಗೇರಿಸಿದವರ ಪತ್ರಿಕೆಯಲ್ಲಿ ರಾಯಣ್ಣ!

ಫ್ಲೀಟ್ ಕಲ್ಲಿಗೇ ನಿಲ್ಲಲಿಲ್ಲ. ಜನರ ಬಾಯಿಗೂ ಕಿವಿ ಕೊಟ್ಟ. ನನ್ನನ್ನು ಅಲ್ಲಾಡಿಸಿದ ವಿಷಯ ಇದು.

ಆಗಿನ ನಮ್ಮ ಸೀಮೆ ಹೇಗಿತ್ತು ನೋಡಿ. 1857ರಲ್ಲಿ ಹಲಗಲಿಯ ಬೇಡರು ಹತಾರ ಕೊಡುವುದಿಲ್ಲ ಅಂತ ಎದ್ದು ನಿಂತರು. 1858ರ ಮೇ ತಿಂಗಳಲ್ಲಿ ರಾಮದುರ್ಗದ ಹತ್ತಿರದ ಸುರೇಬಾನದಲ್ಲಿ ನರಗುಂದದ ಬಾಬಾಸಾಹೇಬರ ಕಡೆಯವರು ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದರು. ಇದಾಗಿ ಒಂಬತ್ತೇ ವರ್ಷಕ್ಕೆ ಬಂದವನು ಫ್ಲೀಟ್. ಹಳ್ಳಿಗಳಲ್ಲಿ ಸರಕಾರದ ವಿರುದ್ಧ ಲಾವಣಿ ಹಾಡುತ್ತಿದ್ದರು. ಸರಕಾರಿ ಸಾಹೇಬ ಏನು ಮಾಡಬೇಕಿತ್ತು? ಬಾಯಿ ಮುಚ್ಚಿಸಬೇಕಿತ್ತು. ಇವನು ಬರೆದುಕೊಂಡ!

1885ರಿಂದ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಆ ಲಾವಣಿಗಳು ಇಂಗ್ಲಿಷ್ ಅನುವಾದದೊಂದಿಗೆ ಬಂದವು. ಸಂಗೊಳ್ಳಿ ರಾಯಣ್ಣನ ದಂಗೆ ಇತ್ತು. ಹಲಗಲಿ ಬೇಡರ ಹಾಡು ಇತ್ತು. ಬೈಲಹೊಂಗಲದ ಸಂಗ್ಯಾನ ಕೊಲೆಯ ಹಾಡೂ ಇತ್ತು. ಹೌದ್ರಿ, ನಮ್ಮ ಸಣ್ಣಾಟದ ‘ಸಂಗ್ಯಾ ಬಾಳ್ಯಾ’ದ ಸಂಗ್ಯಾನೇ! ಮುಂದೆ 1992ರಲ್ಲಿ ಬೆಳ್ಳಿತೆರೆಗೂ ಬಂದ ಕತೆ. 2012ರಲ್ಲಿ ದರ್ಶನ್ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ನಾಗಿ ಕುದುರೆ ಏರಿದಾಗ ಟಾಕೀಸಿನಲ್ಲಿ ಕಾಗದದ ಚೂರು ಹಾರಿಸಿದವರಲ್ಲಿ ನಾನೂ ಒಬ್ಬ. ಆದರೆ ರಾಯಣ್ಣನ ಲಾವಣಿ ಅಚ್ಚಾದದ್ದು, ಅವನನ್ನು ನೇಣಿಗೆ ಹಾಕಿದ ಸರಕಾರದ ಅಧಿಕಾರಿಯೇ ಸಂಪಾದಕನಾಗಿದ್ದ ಪತ್ರಿಕೆಯಲ್ಲಿ!

ಇದರಿಂದ ಬಿಳಿಯರ ಪಾಪ ತೊಳೆದುಹೋಯಿತು ಅಂತ ನಾನು ಹೇಳುವುದಿಲ್ಲ. ಕಿತ್ತೂರಿನ ಅರಮನೆ ಹಾಳಾಗಿದ್ದು ಹಾಳಾಗಿದ್ದೇ. ರಾಯಣ್ಣನ ಕೊರಳಿಗೆ ಬಿದ್ದ ಹಗ್ಗಕ್ಕೆ ಯಾವ ಪುಸ್ತಕವೂ ಸಮ ಅಲ್ಲ. ನನಗೆ ಕೊರೆಯುವ ಮಾತು ಬೇರೆ. ಲಾವಣಿ ನಮ್ಮದು, ಕಟ್ಟಿದವರು ನಮ್ಮವರು, ಹಾಡಿದವರು ನಮ್ಮವರು. ‘ಇದೇನು, ದಿನಾ ಕೇಳೋದೇ ಐತಲ್ಲ’ ಅಂತ ನಾವು ಕಿವಿ ಆಚೆ ಮಾಡಿದೆವು. ಪರದೇಶದವನಿಗೆ ಅದು ಬಂಗಾರವಾಗಿ ಕಂಡಿತು.

ನಾಲ್ಕು ತಾಲೂಕು, ನಾಲ್ಕು ಶಾಲೆ

ಈಗ ನಮ್ಮ ಕಡೆಯ ಹುಡುಗರನ್ನು ನೋಡಿ. ತೆಲುಗು ಸಿನಿಮಾ, ತಮಿಳು ಸಿನಿಮಾ, ಕೊರಿಯಾದ ಸೀರಿಯಲ್ಲು, ಜಪಾನಿನ ಕಾರ್ಟೂನು… ಎಲ್ಲಾ ಕಿಸೆಯಲ್ಲೇ. ಬಹಳ ಸಂತೋಷ! ದೊಡ್ಡವರು ಬೈಯುತ್ತಾರೆ, ನಾನು ಬೈಯುವುದಿಲ್ಲ. ಪರಭಾಷೆಯ ಹುಚ್ಚು ಒಳ್ಳೆಯ ಹುಚ್ಚು. ಬಿ. ಸರೋಜಾದೇವಿ ಬೆಂಗಳೂರಿನ ಹುಡುಗಿ. ಕನ್ನಡ, ತಮಿಳು, ತೆಲುಗು, ಹಿಂದಿ ನಾಲ್ಕೂ ಭಾಷೆಯ ಚಿತ್ರಗಳಲ್ಲಿ ಮೆರೆದರು. ಆದರೆ ಹೀರೋ ಸ್ಟೈಲಿನಲ್ಲಿ ‘ಸಾರಂಘೇ’ ಅಂದ ಮಾತ್ರಕ್ಕೆ ಕೊರಿಯನ್ ಬರುವುದಿಲ್ಲ ತಮ್ಮಾ. ನಾನು ಮಾಡುವ ಉಪಾಯ ಹೇಳುತ್ತೇನೆ, ಬೇಕಾದರೆ ಹಿಡಿಯಿರಿ.

ಇಡೀ ಸಿನಿಮಾ ಬೇಡ, ಐದು ನಿಮಿಷದ ಒಂದೇ ದೃಶ್ಯ ಸಾಕು. ಮೊದಲು ಕೆಳಗಿನ ಅಕ್ಷರ ಓದುತ್ತ ನೋಡಿ. ಆಮೇಲೆ ಅಕ್ಷರ ಮುಚ್ಚಿ ನೋಡಿ. ಮೂರನೇ ಸಲ ಕಣ್ಣು ಮುಚ್ಚಿ ಬರೀ ಕೇಳಿ. ಕಿವಿಗೆ ಬಿದ್ದದ್ದನ್ನು ನೋಟ್‌ಬುಕ್ಕಿನಲ್ಲಿ ಕನ್ನಡ ಅಕ್ಷರದಲ್ಲೇ ಬರೆಯಿರಿ. ದಿನಕ್ಕೆ ಹತ್ತು ಸಾಲು. ಮರುದಿನ ಅದನ್ನು ಬಾಯಿ ಬಿಟ್ಟು ಹೇಳಿ. ಮನಸ್ಸಿನಲ್ಲಿ ಅಲ್ಲ, ಬಾಯಿ ಬಿಟ್ಟು! ಮನೆಯವರು ನಕ್ಕರೆ ನಗಲಿ.

ಮಾತಾಡಲು ಜನ ಎಲ್ಲಿ ಅಂತೀರಾ? ಕಿತ್ತೂರಿನ ಪಕ್ಕದಲ್ಲೇ ಪುಣೆ-ಬೆಂಗಳೂರು ಹೆದ್ದಾರಿ. ಧಾಬಾದಲ್ಲಿ ಚಹಾ ಹಿಡಿದು ಕೂತರೆ ಲಾರಿ ಡ್ರೈವರುಗಳು ದೇಶದ ಭಾಷೆಯನ್ನೆಲ್ಲ ತಂದು ಸುರಿಯುತ್ತಾರೆ. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಜಾತ್ರೆಯಲ್ಲಿ ಹೋಗಿ ನೋಡಿ, ಮರಾಠಿ, ತೆಲುಗು ಕಿವಿ ತುಂಬ. ರಾಮದುರ್ಗ ಮರಾಠಿ ಅರಸರು ಆಳಿದ ಕನ್ನಡದ ಊರು, ಅಲ್ಲಿಯ ಹಿರಿಯರನ್ನು ಮಾತಾಡಿಸಿ. ಬೈಲಹೊಂಗಲದ ಸಂತೆಯಲ್ಲಿ ಒಂದು ತಾಸು ಸುಮ್ಮನೆ ನಿಂತರೆ ಮೂರು ಭಾಷೆಯಲ್ಲಿ ಚೌಕಾಸಿ ಕಲಿಯಬಹುದು. ಇದಕ್ಕೆಲ್ಲ ಫೀಸಿಲ್ಲ, ಹಾಜರಿ ಇಲ್ಲ, ಫೇಲಾಗುವ ಭಯವೂ ಇಲ್ಲ.

ಒಂದು ಷರತ್ತು

ಕೊರಿಯನ್ ಕಲಿಯಿರಿ, ಜಪಾನಿ ಕಲಿಯಿರಿ. ಆದರೆ ಹೊರಗಿನದನ್ನು ಕೇಳಲು ಪಳಗಿದ ಅದೇ ಕಿವಿಯನ್ನು ಒಮ್ಮೆ ಮನೆಯ ಕಡೆಗೂ ತಿರುಗಿಸಿ. ಬೀಸುವಾಗ ಅಜ್ಜಿ ಹೇಳುತ್ತಿದ್ದ ಹಾಡು, ಸಣ್ಣಾಟದ ಮಾಸ್ತರರ ಬಾಯಲ್ಲಿರುವ ಪದ, ಹಂತಿ ಹಾಡುವ ಮುತ್ಯಾ… ನಿಮ್ಮೂರಲ್ಲಿ ಇನ್ನೂ ಒಬ್ಬರಾದರೂ ಇದ್ದಾರು. ಫ್ಲೀಟ್ ಸಾಹೇಬನ ಹತ್ತಿರ ಇದ್ದದ್ದು ಶಾಯಿ, ಕಾಗದ. ನಿಮ್ಮ ಕೈಯಲ್ಲಿ ಮೊಬೈಲಿದೆ. ಹಾಡುವವರ ಹತ್ತಿರ ಕೂತು, ಅವರನ್ನು ಕೇಳಿ, ಬಟನ್ ಒತ್ತಿ. ಹಾಡಿದವರ ಹೆಸರು, ಊರು, ತಾರೀಖು ಬರೆದಿಡಿ. ತಿಳಿಯದ ಮಾತು ಬಂದರೆ ಅರ್ಥ ಅವರ ಬಾಯಿಂದಲೇ ಕೇಳಿಕೊಳ್ಳಿ. ಆಮೇಲೆ ಹೇಳುವವರು ಸಿಗಲಿಕ್ಕಿಲ್ಲ.

ಫ್ಲೀಟ್ 1897ರಲ್ಲಿ ನಿವೃತ್ತನಾಗಿ ಊರಿಗೆ ಹೋದ, 1917ರಲ್ಲಿ ತೀರಿಕೊಂಡ. ಇನ್ನೊಬ್ಬ ಸಾಹೇಬ ಹಡಗು ಹತ್ತಿ ಬಂದು ನಿಮ್ಮ ಮುತ್ಯಾನ ಹಾಡು ಬರೆದುಕೊಳ್ಳಲಿ ಅಂತ ಕಾಯುತ್ತೀರಾ? ಈ ವಾರ ಒಂದು ಶೋ ತಪ್ಪಿದರೂ ಪರವಾಗಿಲ್ಲ, ಸಿನಿಮಾ ನಾಳೆಯೂ ಇರುತ್ತದೆ. ಮುತ್ಯಾ?

ಏನಂತೀರಿ?