ರಾತ್ರಿಯ ಪಟಕ್ಕೆ ಬೆಳಕಿನ ಲೆಕ್ಕ

ಮನೆಯ ಅಂಗಳದಲ್ಲಿ ರಾತ್ರಿ ನಡೆಯುವ ಆರತಕ್ಷತೆಯ ಪಟಗಳನ್ನು ವಾಚಕರೆಲ್ಲರೂ ನೋಡಿಯೇ ಇರುವರು. ಮುಂದೆ ಕುಳಿತ ಮಕ್ಕಳ ಮುಖಗಳು ಸುಣ್ಣ ಬಳಿದಂತೆ ಬೆಳ್ಳಗಿರುವುವು. ನಡುವೆ ನಿಂತ ವಧೂವರರು ಸರಿಯಾಗಿ ಕಾಣುವರು. ಹಿಂದೆ ಕುರ್ಚಿಯಲ್ಲಿ ಕುಳಿತ ಮುತ್ತಜ್ಜಿಯಾದರೋ ಕತ್ತಲೆಯಲ್ಲಿ ಲೀನಳಾಗಿರುವಳು. ಮುಂದಿನ ಶುಭಕಾರ್ಯದ ಹೊತ್ತಿಗೆ ಆಕೆ ಇರುವಳೆಂಬ ನಿಶ್ಚಯವಿಲ್ಲದುದರಿಂದ ಈ ದೋಷವನ್ನು ಅಲ್ಪವೆಂದು ಬಿಡತಕ್ಕದ್ದಲ್ಲ. ಕ್ಯಾಮೆರಾವನ್ನು ದೂರುವವರು ಬಹಳ. ಆದರೆ ದೋಷವಿರುವುದು ಬಹುಮಟ್ಟಿಗೆ ದೂರದ ಲೆಕ್ಕದಲ್ಲಿ.

ಸೂರ್ಯನು ಅತಿದೂರದಲ್ಲಿರುವುದರಿಂದ ಹಗಲಿನ ಬೆಳಕು ಮುಂದಿನವರಿಗೂ ಹಿಂದಿನವರಿಗೂ ಒಂದೇ. ಫ್ಲಾಷಿನ ಬೆಳಕು ಹಾಗಲ್ಲ. ಅದು ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುವುದು. 2 ಮೀಟರಿನಲ್ಲಿರುವ ಮಗುವಿಗೆ ದೊರೆತ ಬೆಳಕಿನ ಕಾಲುಪಾಲು ಮಾತ್ರ 4 ಮೀಟರಿನಲ್ಲಿರುವ ಅಜ್ಜಿಗೆ. ಪಟ ತೆಗೆಯುವವನು 3 ಮೀಟರ್ ಹಿಂದೆ ಸರಿದನೆನ್ನೋಣ. ಆಗ ದೂರಗಳು 5 ಮತ್ತು 7 ಆಗಿ, ಅಜ್ಜಿಗೆ ಮಗುವಿನ ಬೆಳಕಿನಲ್ಲಿ ಅರ್ಧದಷ್ಟು ಸಲ್ಲುವುದು. ಆಕೆಯನ್ನು ಮುಂದಿನ ಸಾಲಿಗೇ ಕರೆತಂದು ಕೂರಿಸಿದರೆ ಇನ್ನೂ ಲೇಸು.

ಹಿಂದೆ ಸರಿದ ಮೇಲೆ ಫ್ಲಾಷಿಗೆ ಅಷ್ಟು ಶಕ್ತಿಯುಂಟೇ ಎಂದು ನೋಡಬೇಕು. ತಯಾರಕರು ಆ ಶಕ್ತಿಯನ್ನು ಗೈಡ್ ನಂಬರ್ ಎಂಬ ಸಂಖ್ಯೆಯಿಂದ ಸೂಚಿಸುವರು. ಅದನ್ನು ದೂರದಿಂದ ಭಾಗಿಸಿದರೆ ಮಸೂರದ ರಂಧ್ರದ, ಎಂದರೆ ಅಪರ್ಚರಿನ, ಎಫ್ ಸಂಖ್ಯೆ ದೊರೆಯುವುದು. ಐಎಸ್‌ಒ 100ಕ್ಕೆ ಗೈಡ್ ನಂಬರ್ 28 ಆಗಿದ್ದರೆ 5 ಮೀಟರಿಗೆ ಎಫ್ 5.6, 7 ಮೀಟರಿಗೆ ಎಫ್ 4. ಸಂಖ್ಯೆ ಚಿಕ್ಕದಾದಷ್ಟೂ ರಂಧ್ರವು ದೊಡ್ಡದು. ಐಎಸ್‌ಒವನ್ನು ನಾಲ್ಕು ಮಡಿ ಮಾಡಿ 400ಕ್ಕೆ ಏರಿಸಿದರೂ ಗೈಡ್ ನಂಬರ್ ಇಮ್ಮಡಿಯಾಗಿ 56 ಆಗುವುದಷ್ಟೆ. ವರ್ಗಮೂಲದಿಂದ ಏನು ಪ್ರಯೋಜನವೆಂದು ಕೇಳುವ ಹುಡುಗರಿಗೆ ಇದಕ್ಕಿಂತ ಒಳ್ಳೆಯ ಉತ್ತರವನ್ನು ನಾನು ಕಾಣೆ. ಈ ಲೆಕ್ಕವು ಸಾಮಾನ್ಯವಾಗಿ ಗೋಡೆ, ಮಾಳಿಗೆಗಳಿಂದ ಬೆಳಕು ಹಿಂದಿರುಗುವ ಕೋಣೆಗೆ ಹೊಂದುವುದು. ಬಯಲಿನಲ್ಲಿ ಆ ನೆರವಿಲ್ಲವಾದಕಾರಣ 5.6ರ ಬದಲು 4ನ್ನು ಇಟ್ಟುಕೊಳ್ಳುವುದು ಕ್ಷೇಮ.

ಇನ್ನು ಷಟರಿನ ವಿಷಯ. ಫ್ಲಾಷು ಬೆಳಗುವುದು ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು ಕಾಲ, ಅಥವಾ ಇನ್ನೂ ಕಡಿಮೆ. ಆದುದರಿಂದ ಷಟರನ್ನು 1/125ರಿಂದ 1/15ಕ್ಕೆ ಇಳಿಸಿದರೆ ಫ್ಲಾಷು ಬೆಳಗಿದ ಮುಖಗಳು ಹೆಚ್ಚುಕಡಿಮೆ ಹಾಗೆಯೇ ಉಳಿದು, ಹಿಂದಿನ ಚಪ್ಪರದ ದೀಪಸಾಲು ಮಾತ್ರ ಸುಮಾರು ಎಂಟು ಮಡಿ ಬೆಳಗುವುದು. ಆಗ ಕ್ಯಾಮೆರಾ ಅಲುಗಬಾರದು. 1/250ನ್ನು ಮೀರಿದರೆ ಅನೇಕ ಕ್ಯಾಮೆರಾಗಳಲ್ಲಿ ಪರದೆಯು ಒಮ್ಮೆಗೇ ಪೂರ್ತಿ ತೆರೆಯದೆ ಪಟದಲ್ಲಿ ಕಪ್ಪು ಪಟ್ಟಿ ಬೀಳುವುದು.

ಯಂತ್ರವೇ ಬೆಳಕನ್ನು ಅಳೆಯುವಾಗಲೂ ಎಚ್ಚರವಿರಲಿ. ಹಿಂದಿನ ಕಗ್ಗತ್ತಲೆಯನ್ನು ಕಂಡು ಅದು ಹೆಚ್ಚು ಬೆಳಕನ್ನು ಸುರಿದು ಮುಖಗಳನ್ನು ಬಿಳಿಚಿಸುವುದುಂಟು. ಬಿಳಿಯ ಪಂಚೆಗಳನ್ನು ಕಂಡು ಕಡಿಮೆ ಮಾಡುವುದೂ ಉಂಟು.

ಫೋನಿನ ಪುಟ್ಟ ದೀಪವು ಎರಡು ಮೂರು ಮೀಟರುಗಳಾಚೆ ನಿಷ್ಪ್ರಯೋಜಕ. ಧರ್ಮಸ್ಥಳದ ಲಕ್ಷದೀಪೋತ್ಸವದಲ್ಲಿ ಅದನ್ನು ಹೊತ್ತಿಸಿದರೆ ಬೆಳಗುವುದು ದೀಪಗಳಲ್ಲ, ಮುಂದೆ ನಿಂತವರ ತಲೆಗಳು! ಅಲ್ಲಿ ಅದನ್ನು ಆರಿಸಿ, ಫೋನನ್ನು ಕಂಬಕ್ಕೊತ್ತಿ ಹಿಡಿಯತಕ್ಕದ್ದು.