ಗುಣವಾದದ್ದು ಯಾವುದರಿಂದ?

ರೋಗಿಗಳಿಗೆ ಚಿಕಿತ್ಸೆ ಕೊಟ್ಟು, ಅದರ ಫಲವನ್ನು ಮೊದಲೇ ಗೊತ್ತುಮಾಡಿಕೊಂಡ ಕ್ರಮದಲ್ಲಿ ಅಳೆಯುವ ಸಂಶೋಧನೆಯೇ ಚಿಕಿತ್ಸಾ ಪ್ರಯೋಗ, ಅಂದರೆ ಕ್ಲಿನಿಕಲ್ ಟ್ರಯಲ್. ಅದಕ್ಕೆ ಆಧಾರ ಮೂರು. ಮೊದಲನೆಯದು ಹೋಲಿಕೆಯ ಗುಂಪು: ಹೊಸ ಚಿಕಿತ್ಸೆ ಪಡೆದವರ ಪಕ್ಕದಲ್ಲಿ ಅದನ್ನು ಪಡೆಯದವರೂ ಇರಬೇಕು. ಎರಡನೆಯದು ಯಾದೃಚ್ಛಿಕ ಹಂಚಿಕೆ: ಯಾರು ಯಾವ ಗುಂಪಿಗೆ ಎಂಬುದನ್ನು ವೈದ್ಯರೂ ಆರಿಸಬಾರದು, ರೋಗಿಯೂ ಆರಿಸಬಾರದು, ಚೀಟಿ ಎತ್ತಿ ತೀರ್ಮಾನಿಸಬೇಕು. ಮೂರನೆಯದು ಮರೆ: ಸಾಧ್ಯವಿರುವ ಕಡೆಯಲ್ಲೆಲ್ಲ, ತನಗೆ ಸಿಕ್ಕಿದ್ದು ಯಾವುದೆಂದು ರೋಗಿಗೂ, ಫಲ ಅಳೆಯುವವರಿಗೂ ತಿಳಿದಿರಬಾರದು.

1948ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಪ್ರಕಟಿಸಿದ ಕ್ಷಯರೋಗದ ಪ್ರಯೋಗ ಈ ಪದ್ಧತಿಗೆ ಮಾದರಿಯಾಯಿತು. ಅದರಲ್ಲಿದ್ದ 107 ರೋಗಿಗಳಲ್ಲಿ 55 ಮಂದಿಗೆ ಸ್ಟ್ರೆಪ್ಟೊಮೈಸಿನ್ ಮತ್ತು ಹಾಸಿಗೆಯ ವಿಶ್ರಾಂತಿ, 52 ಮಂದಿಗೆ ವಿಶ್ರಾಂತಿ ಮಾತ್ರ. ಆರು ತಿಂಗಳಲ್ಲಿ ಮೊದಲ ಗುಂಪಿನಲ್ಲಿ 4 ಮಂದಿ ತೀರಿಕೊಂಡರು, ಎರಡನೆಯದರಲ್ಲಿ 14 ಮಂದಿ.

ವ್ಯಾಖ್ಯಾನಕ್ಕೆ ಇಷ್ಟು ಸಾಕು. ಓದುಗರು ಸಾಮಾನ್ಯವಾಗಿ ಎಡವುವುದು ಇಲ್ಲಲ್ಲ, ಇದಕ್ಕಿಂತ ಹಿಂದಿನ ಒಂದು ಮೆಟ್ಟಿಲಿನಲ್ಲಿ. ಚಿಕಿತ್ಸೆ ಕೊಟ್ಟೆವು, ರೋಗಿಗೆ ಗುಣವಾಯಿತು. ಇನ್ನು ಹೋಲಿಕೆ ಏಕೆ ಬೇಕು?

ತಾನಾಗಿ ಇಳಿಯುವ ನೋವು

ಮಳೆ ಕೈಕೊಟ್ಟಾಗ ಕೆಲವು ಊರುಗಳಲ್ಲಿ ಕಪ್ಪೆಗಳಿಗೆ ಮದುವೆ ಮಾಡಿಸುತ್ತಾರೆ. ಆ ಮದುವೆ ನಡೆಯುವುದು ಯಾವಾಗ? ಮುಂಗಾರು ಚೆನ್ನಾಗಿ ಹಿಡಿದಿರುವಾಗ ಯಾರೂ ಕಪ್ಪೆ ಹುಡುಕಿಕೊಂಡು ಹೋಗುವುದಿಲ್ಲ. ಬಿತ್ತಿದ್ದು ಒಣಗಿ, ಇನ್ನು ತಾಳಲಾಗದು ಎನ್ನುವ ಹೊತ್ತಿಗೆ ಚಪ್ಪರ ಏಳುತ್ತದೆ. ಅಷ್ಟು ದಿನ ಮಳೆ ತಡವಾದ ಮೇಲೆ ಮುಂದಿನ ಕೆಲವು ದಿನಗಳಲ್ಲಿ ಅದು ಬರುವ ಸಂಭವ ಹೇಗೂ ಹೆಚ್ಚು. ಬಂದಾಗ ಅದರ ಪುಣ್ಯ ಮದುವೆಗೆ ಸಲ್ಲುತ್ತದೆ.

ಮಂಡಿ ನೋವಿನ ಲೆಕ್ಕವೂ ಇದೇ. ಕೀಲು ಸವೆತದ ನೋವು ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ. ಕೆಲವು ವಾರ ಏರುತ್ತದೆ, ಕೆಲವು ವಾರ ಇಳಿಯುತ್ತದೆ. ಜನ ಆಸ್ಪತ್ರೆಗೆ ಹೋಗುವುದು ಅದು ತುತ್ತತುದಿಗೆ ಏರಿದಾಗ. ಅಲ್ಲಿಂದ ಮುಂದಕ್ಕೆ ಅದು ಇಳಿಯುವುದೇ ಹೆಚ್ಚು. ಎಣ್ಣೆ ತಿಕ್ಕಿದರೂ ಇಳಿಯುತ್ತದೆ, ಮಾತ್ರೆ ನುಂಗಿದರೂ ಇಳಿಯುತ್ತದೆ, ಏನೂ ಮಾಡದಿದ್ದರೂ ಬಹುಮಟ್ಟಿಗೆ ಇಳಿಯುತ್ತದೆ. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಸರಾಸರಿಯತ್ತ ಮರಳುವಿಕೆ ಎಂದು ಹೆಸರು. 19ನೆಯ ಶತಮಾನದಲ್ಲಿ ಫ್ರಾನ್ಸಿಸ್ ಗಾಲ್ಟನ್ ಇದನ್ನು ಗುರುತಿಸಿದ್ದು ತಂದೆತಾಯಿ ಮತ್ತು ಮಕ್ಕಳ ಎತ್ತರಗಳನ್ನು ಹೋಲಿಸುವಾಗ.

ಇದರ ಜೊತೆಗೆ ಇನ್ನೆರಡು ಸಂಗತಿಗಳು ಸೇರಿಕೊಳ್ಳುತ್ತವೆ. ಚಿಕಿತ್ಸೆ ಸಿಕ್ಕಿತೆಂಬ ನಂಬಿಕೆಯೇ ನೋವಿನ ಅನುಭವವನ್ನು ತಗ್ಗಿಸುತ್ತದೆ. ಚಿಕಿತ್ಸೆಯ ನೆಪದಲ್ಲಿ ಬರುವ ವಿಶ್ರಾಂತಿ, ವ್ಯಾಯಾಮ, ಆರೈಕೆಗಳೂ ತಮ್ಮ ಪಾಲಿನ ಕೆಲಸ ಮಾಡುತ್ತವೆ. ಹೀಗಾಗಿ ಸಾವಿರ ಮಂದಿಗೆ ಚಿಕಿತ್ಸೆ ಕೊಟ್ಟು ಎಂಟುನೂರು ಮಂದಿ ಚೇತರಿಸಿಕೊಂಡದ್ದನ್ನು ಕಣ್ಣಾರೆ ಕಂಡ ವೈದ್ಯರಿಗೂ, ಆ ಎಂಟುನೂರರಲ್ಲಿ ಚಿಕಿತ್ಸೆಯ ಪಾಲು ಎಷ್ಟೆಂದು ಹೇಳಲು ಆಗುವುದಿಲ್ಲ. ಇದು ಅನುಭವದ ಕೊರತೆಯಲ್ಲ. ಅನುಭವ ಎಷ್ಟು ಬೆಳೆದರೂ ಹೋಲಿಕೆಯ ಗುಂಪು ತಾನಾಗಿ ಹುಟ್ಟಿಕೊಳ್ಳುವುದಿಲ್ಲ.

ಕುಯ್ದು ಹೊಲಿದರೂ ಮಾಡದ ಶಸ್ತ್ರಚಿಕಿತ್ಸೆ

ಮಾತ್ರೆಯ ವಿಷಯದಲ್ಲಿ ಹೋಲಿಕೆ ಸುಲಭ. ಅದೇ ಬಣ್ಣ, ಅದೇ ಆಕಾರದ ಹುಸಿಮಾತ್ರೆ ಸಾಕು. ಶಸ್ತ್ರಚಿಕಿತ್ಸೆಗೆ ಹುಸಿ ಜೋಡಿಯನ್ನು ಎಲ್ಲಿಂದ ತರುವುದು? ಮೂಳೆ ಮತ್ತು ಕೀಲುಗಳ ಶಸ್ತ್ರವೈದ್ಯರು ಈ ಪ್ರಶ್ನೆಯನ್ನು ಎದುರಿಸಿದ ರೀತಿ ವೈದ್ಯಕೀಯ ಇತಿಹಾಸದ ಅತ್ಯಂತ ಧೈರ್ಯದ ಕೆಲಸಗಳಲ್ಲಿ ಒಂದು.

ಸವೆದ ಮಂಡಿಯೊಳಕ್ಕೆ ಸಣ್ಣ ತೂತಿನ ಮೂಲಕ ದುರ್ಬೀನು ತೂರಿಸಿ, ಒರಟಾದ ಭಾಗವನ್ನು ಕೆರೆದು, ಉಪ್ಪುನೀರಿನಿಂದ ತೊಳೆಯುವುದು ಆರ್ತ್ರೋಸ್ಕೋಪಿ ಚಿಕಿತ್ಸೆ. 20ನೆಯ ಶತಮಾನದ ಕೊನೆಯ ಹೊತ್ತಿಗೆ ಅದು ಅಮೆರಿಕದಲ್ಲಿ ದಿನನಿತ್ಯದ ಕೆಲಸವಾಗಿತ್ತು. ಮಾಡಿಸಿಕೊಂಡವರಲ್ಲಿ ಬಹಳ ಮಂದಿ ನೋವು ಕಡಿಮೆಯಾಯಿತು ಎನ್ನುತ್ತಿದ್ದರು. ಹ್ಯೂಸ್ಟನ್ ನಗರದ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ಬ್ರೂಸ್ ಮೋಸ್ಲಿ ಮತ್ತು ಸಂಗಡಿಗರು 180 ರೋಗಿಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಕೆರೆದು ತೊಳೆಯುವುದು, ಇನ್ನೊಂದಕ್ಕೆ ಬರೀ ತೊಳೆಯುವುದು. ಮೂರನೆಯ ಗುಂಪಿನವರಿಗೆ ಚರ್ಮದ ಮೇಲೆ ಮೂರು ಸಣ್ಣ ಗಾಯ ಮಾಡಿ, ಉಪಕರಣಗಳನ್ನು ಕೇಳಿ ಪಡೆದು, ಕಾಲನ್ನು ಹಾಗೂ ಹೀಗೂ ಆಡಿಸಿ, ನೀರು ಹರಿಯುವ ಸದ್ದನ್ನೂ ಮಾಡಿ, ಮಂಡಿಯೊಳಗೆ ಏನನ್ನೂ ಮುಟ್ಟದೆ ಹೊಲಿದರು. ಹುಸಿ ಶಸ್ತ್ರಚಿಕಿತ್ಸೆ ಸಿಗಬಹುದೆಂದು ಭಾಗವಹಿಸಿದ ಪ್ರತಿಯೊಬ್ಬರಿಗೂ ಮೊದಲೇ ತಿಳಿಸಲಾಗಿತ್ತು. ಅದು ತಮಗೆ ಅರ್ಥವಾಗಿದೆ ಎಂದು ಅವರು ಬರೆದುಕೊಟ್ಟಿದ್ದರು.

ಫಲಿತಾಂಶ ಪ್ರಕಟವಾದದ್ದು 2002ರಲ್ಲಿ. ಎರಡು ವರ್ಷಗಳ ಉದ್ದಕ್ಕೂ ಯಾವ ಹಂತದಲ್ಲಿಯೂ ನಿಜವಾದ ಶಸ್ತ್ರಚಿಕಿತ್ಸೆಯವರ ಸ್ಥಿತಿ ಹುಸಿಯವರಿಗಿಂತ ಉತ್ತಮವಾಗಿರಲಿಲ್ಲ. ಈ ಫಲ ಕೀಲು ಸವೆದವರಿಗೆ ಮಾತ್ರ ಅನ್ವಯಿಸುತ್ತದೆ, ಮಂಡಿಯ ಮೆತ್ತೆಯಾದ ಮೆನಿಸ್ಕಸ್ ಹರಿದವರ ಮಾತೇ ಬೇರೆ ಎಂಬ ವಾದ ಎದ್ದಿತು. ಆ ವಾದಕ್ಕೂ ಪರೀಕ್ಷೆ ನಡೆಯಿತು. ವಯಸ್ಸಿನ ಸವೆತದಿಂದ ಮೆನಿಸ್ಕಸ್ ಹರಿದ, ಆದರೆ ಕೀಲು ಸವೆಯದ 146 ಮಂದಿಯ ಮೇಲೆ ಫಿನ್ಲೆಂಡಿನ ಐದು ಆಸ್ಪತ್ರೆಗಳು ನಡೆಸಿದ ಪ್ರಯೋಗ 2013ರಲ್ಲಿ ಹೊರಬಂತು. ಹರಿದ ಭಾಗ ಕತ್ತರಿಸಿಕೊಂಡವರಿಗೂ ಹುಸಿ ಶಸ್ತ್ರಚಿಕಿತ್ಸೆ ಪಡೆದವರಿಗೂ ವರ್ಷದ ಕೊನೆಯಲ್ಲಿ ಗಣನೀಯ ವ್ಯತ್ಯಾಸವಿರಲಿಲ್ಲ. ಎರಡೂ ಗುಂಪುಗಳು ಚೆನ್ನಾಗಿ ಚೇತರಿಸಿಕೊಂಡಿದ್ದವು ಎಂಬುದನ್ನು ಇಲ್ಲಿ ಮರೆಯಬಾರದು. ರೋಗಿಗಳು ಸುಳ್ಳು ಹೇಳುತ್ತಿರಲಿಲ್ಲ, ವೈದ್ಯರು ಮೋಸ ಮಾಡುತ್ತಿರಲಿಲ್ಲ. ಚೇತರಿಕೆ ನಿಜ, ಕಾರಣ ಮಾತ್ರ ಬೇರೆ.

ಇದರಿಂದ ಮೂಳೆ ಶಸ್ತ್ರಚಿಕಿತ್ಸೆಯೇ ವ್ಯರ್ಥವೆಂದು ತಿಳಿಯುವುದು ಇನ್ನೊಂದು ತಪ್ಪು. ಅಪಘಾತದಲ್ಲಿ ಮುರಿದ ಮೂಳೆಗೂ, ಮಡಿಸಿದಲ್ಲೇ ಸಿಕ್ಕಿಹಾಕಿಕೊಂಡ ಮಂಡಿಗೂ ಈ ಪ್ರಯೋಗಗಳಿಗೂ ಸಂಬಂಧವಿಲ್ಲ. ಮಂಡಿಚಿಪ್ಪು ಬದಲಾವಣೆ ಎಂದು ಜನ ಕರೆಯುವ, ಇಡೀ ಕೀಲನ್ನೇ ಬದಲಿಸುವ ಚಿಕಿತ್ಸೆಯೂ ಪರೀಕ್ಷೆಗೆ ನಿಂತಿದೆ. 2015ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಪ್ರಯೋಗದಲ್ಲಿ 100 ಮಂದಿಯ ಪೈಕಿ ಅರ್ಧ ಜನರಿಗೆ ಕೀಲು ಬದಲಿಸಿ ನಂತರ ವ್ಯಾಯಾಮ, ಪಥ್ಯ, ಔಷಧಿ ಕೊಟ್ಟರು. ಉಳಿದವರಿಗೆ ಕೀಲು ಬದಲಾವಣೆಯೊಂದನ್ನು ಬಿಟ್ಟು ಉಳಿದೆಲ್ಲವೂ ಸಿಕ್ಕಿತು. ವರ್ಷದ ಕೊನೆಯಲ್ಲಿ ಕೀಲು ಬದಲಿಸಿಕೊಂಡವರ ಸುಧಾರಣೆ ಸುಮಾರು ಎರಡರಷ್ಟಿತ್ತು. ಗಂಭೀರ ತೊಡಕುಗಳೂ ಅವರಲ್ಲೇ ಹೆಚ್ಚು, 24ಕ್ಕೆ 6. ಇನ್ನೊಂದು ಗುಂಪಿನಲ್ಲಿ ನಾಲ್ವರಲ್ಲಿ ಸುಮಾರು ಮೂವರು ಆ ವರ್ಷ ಶಸ್ತ್ರಚಿಕಿತ್ಸೆಯಿಲ್ಲದೆ ನಿಭಾಯಿಸಿದರು. ಲಾಭವೆಷ್ಟು, ಅಪಾಯವೆಷ್ಟು, ಕಾಯುವುದಾದರೆ ಏನಾಗುತ್ತದೆ ಎಂಬ ಮೂರನ್ನೂ ಒಂದೇ ಪ್ರಯೋಗ ತೂಗಿ ಕೊಟ್ಟಿತು.

ರೋಗಿಗಳೇ ಸಿಗದ ರೋಗ

ಮಂಡಿ ನೋವಿನವರು ಎಲ್ಲೆಲ್ಲೂ ಇದ್ದಾರೆ. ಅಪರೂಪದ ಗಡ್ಡೆಗಳ ಕಷ್ಟ ಇದಕ್ಕೆ ವಿರುದ್ಧ. ವರ್ಷಕ್ಕೆ ಲಕ್ಷಕ್ಕೆ ಆರಕ್ಕಿಂತ ಕಡಿಮೆ ಮಂದಿಯಲ್ಲಿ ಕಾಣುವ ಕ್ಯಾನ್ಸರನ್ನು ಯೂರೋಪಿನಲ್ಲಿ ಅಪರೂಪದ್ದೆಂದು ಎಣಿಸುತ್ತಾರೆ. ಒಂದೊಂದೂ ವಿರಳವಾದರೂ ಅವುಗಳ ಬಗೆಗಳು ಬಹಳ. ಎಲ್ಲವನ್ನೂ ಕೂಡಿಸಿದರೆ ಅಲ್ಲಿನ ಒಟ್ಟು ಕ್ಯಾನ್ಸರುಗಳಲ್ಲಿ ಐದನೆಯ ಒಂದು ಭಾಗವನ್ನು ಮೀರುತ್ತದೆ.

ಆಸ್ಟಿಯೋಸಾರ್ಕೋಮ ಅಂಥದ್ದೊಂದು. ಹೆಚ್ಚಾಗಿ ಹದಿಹರೆಯದವರಲ್ಲಿ, ಮಂಡಿಯ ಆಸುಪಾಸಿನ ಮೂಳೆಯಲ್ಲಿ ಹುಟ್ಟುತ್ತದೆ. ಹಿಂದೆ ಕಾಲು ಕತ್ತರಿಸಿ ತೆಗೆದರೂ ಹೆಚ್ಚಿನ ಮಕ್ಕಳಲ್ಲಿ ಅದು ಶ್ವಾಸಕೋಶಕ್ಕೆ ಹರಡಿ ಮರಳುತ್ತಿತ್ತು. 1970ರ ದಶಕದಲ್ಲಿ ಶಸ್ತ್ರಚಿಕಿತ್ಸೆಯ ನಂತರ ಕಿಮೊಥೆರಪಿ ಕೊಡತೊಡಗಿದಾಗ ಬದುಕುವವರು ಹೆಚ್ಚಿದರು. ಹಳೆಯ ಕಡತಗಳಿಗೆ ಹೋಲಿಸಿದರೆ ಗೆಲುವು ಸ್ಪಷ್ಟ. ಆದರೆ ಅಷ್ಟರಲ್ಲಿ ಸ್ಕ್ಯಾನಿಂಗ್ ಸುಧಾರಿಸಿತ್ತು, ಶಸ್ತ್ರಚಿಕಿತ್ಸೆಯೂ ಸುಧಾರಿಸಿತ್ತು. ಬದಲಾವಣೆಗೆ ಅವೇ ಕಾರಣವಿರಬಹುದೆಂದು ಕೆಲವರು ಸಂಶಯಿಸಿದರು. ಹಳೆಯ ಕಾಲದ ರೋಗಿಗಳನ್ನು ಹೋಲಿಕೆಗೆ ಇಟ್ಟುಕೊಂಡಾಗ ಈ ತಕರಾರು ತಪ್ಪಿದ್ದಲ್ಲ. 1980ರ ದಶಕದಲ್ಲಿ ಅಮೆರಿಕದ ಹಲವು ಆಸ್ಪತ್ರೆಗಳು ಸೇರಿ 36 ಮಂದಿಯನ್ನು ಚೀಟಿ ಎತ್ತಿ ಹಂಚಿದವು. ಎರಡು ವರ್ಷಗಳಾಗುವಾಗ ರೋಗ ಮರಳದೆ ಉಳಿದವರು ಬರೀ ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇ 17, ಕಿಮೊಥೆರಪಿಯ ಗುಂಪಿನಲ್ಲಿ ಶೇ 66. ವ್ಯತ್ಯಾಸ ದೊಡ್ಡದಿದ್ದರೆ ಪ್ರಯೋಗ ಚಿಕ್ಕದಿದ್ದರೂ ನಡೆಯುತ್ತದೆ.

ವ್ಯತ್ಯಾಸ ಚಿಕ್ಕದಿದ್ದರೆ ದೇಶದ ಗಡಿ ದಾಟಬೇಕು. ಯೂರೋಪ್ ಮತ್ತು ಅಮೆರಿಕದ ನಾಲ್ಕು ತಂಡಗಳು ಕೂಡಿ ನಡೆಸಿದ ಯುರಾಮೋಸ್ ಎಂಬ ಪ್ರಯೋಗ 17 ದೇಶಗಳಿಂದ 2,260 ರೋಗಿಗಳನ್ನು ಕಲೆಹಾಕಿತು. ಮೊದಲ ಔಷಧಿಗಳಿಗೆ ಗಡ್ಡೆ ಜಗ್ಗದಿದ್ದವರಲ್ಲಿ ಅರ್ಧ ಜನರಿಗೆ ಇನ್ನೆರಡು ಔಷಧಿ ಸೇರಿಸಿ ನೋಡಿದರು. ಫಲ ಹೆಚ್ಚಲಿಲ್ಲ, ಅಡ್ಡಪರಿಣಾಮ ಹೆಚ್ಚಿತು. ಇದನ್ನು ಸೋಲೆಂದು ಕರೆಯುವವರುಂಟು. ಮುಂದಿನ ಮಕ್ಕಳಿಗೆ ನಿಷ್ಫಲವಾದ ವಿಷ ತಪ್ಪಿಸಿದ ಪ್ರಯೋಗ ಸೋಲು ಹೇಗಾದೀತು?

ಕೆಲವೊಮ್ಮೆ ಹೋಲಿಕೆಯ ಗುಂಪನ್ನು ಕೈಬಿಡಬಹುದು. ಜಠರ ಮತ್ತು ಕರುಳಿನ ಗೋಡೆಯಲ್ಲಿ ಹುಟ್ಟುವ ಜಿಸ್ಟ್ ಎಂಬ ಗಡ್ಡೆ ಮಾಮೂಲು ಕಿಮೊಥೆರಪಿಗೆ ಜಗ್ಗುತ್ತಿರಲಿಲ್ಲ. ಕಿಟ್ ಎಂಬ ವಂಶವಾಹಿಯಲ್ಲಿನ ಬದಲಾವಣೆ ಅದರ ಬೆಳವಣಿಗೆಗೆ ಕಾರಣವೆಂದು 1998ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿದರು. ರಕ್ತದ ಕ್ಯಾನ್ಸರಿಗೆಂದು ತಯಾರಾಗಿದ್ದ ಇಮಾಟಿನಿಬ್ ಎಂಬ ಔಷಧಿ ಆ ವಂಶವಾಹಿಯಿಂದ ಹುಟ್ಟುವ ಪ್ರೋಟೀನನ್ನೂ ತಡೆಯುತ್ತಿತ್ತು. 2000ದಲ್ಲಿ ಹೆಲ್ಸಿಂಕಿಯ ಒಬ್ಬ ರೋಗಿಗೆ ಕೊಟ್ಟಾಗ ಗಡ್ಡೆಗಳು ಕುಗ್ಗಿದವು. 2002ರಲ್ಲಿ ಪ್ರಕಟವಾದ 147 ಮಂದಿಯ ಅಧ್ಯಯನದಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಹಾಗಾಯಿತು. ಇಲ್ಲಿ ಒಬ್ಬ ರೋಗಿಯ ಸಾಕ್ಷ್ಯಕ್ಕೂ ಬೆಲೆ ಬಂದದ್ದೇಕೆ? ಮಂಡಿ ನೋವು ತಾನಾಗಿ ಇಳಿಯುತ್ತದೆ, ಜಿಸ್ಟ್ ತಾನಾಗಿ ಹೀಗೆ ಕುಗ್ಗುವುದಿಲ್ಲ. ಚಿಕಿತ್ಸೆಯಿಲ್ಲದಿದ್ದರೆ ಏನಾಗುತ್ತಿತ್ತು ಎಂಬುದು ಖಚಿತವಾಗಿ ಗೊತ್ತಿರುವಲ್ಲಿ, ಆ ತಿಳಿವೇ ಹೋಲಿಕೆಯ ಗುಂಪಿನ ಜಾಗದಲ್ಲಿ ನಿಲ್ಲುತ್ತದೆ.

ತಿನ್ನಿಸಬೇಕೋ, ದೂರವಿಡಬೇಕೋ

ಮಕ್ಕಳ ಅಲರ್ಜಿಯಲ್ಲಿ ಪರೀಕ್ಷೆಗೆ ಬಂದದ್ದು ಔಷಧಿಯಲ್ಲ, ಸಲಹೆ. ಆಹಾರದ ಅಲರ್ಜಿಯೆಂದರೆ ನಿರುಪದ್ರವಿ ಆಹಾರವನ್ನು ದೇಹದ ರಕ್ಷಣಾ ವ್ಯವಸ್ಥೆ ಶತ್ರುವೆಂದು ಬಗೆಯುವುದು. ಅಪಾಯವಿರುವ ಮಕ್ಕಳಿಗೆ ಮೂರು ವರ್ಷದವರೆಗೆ ಕಡಲೆಕಾಯಿ ಕೊಡಬೇಡಿ ಎಂದು 2000ದಲ್ಲಿ ಅಮೆರಿಕದ ಮಕ್ಕಳ ವೈದ್ಯರ ಸಂಘ ಹೇಳಿತು. ತರ್ಕ ಸರಿಯಾಗಿಯೇ ಕಾಣುತ್ತಿತ್ತು. ಆದರೂ ಪಾಶ್ಚಾತ್ಯ ದೇಶಗಳಲ್ಲಿ ಕಡಲೆಕಾಯಿ ಅಲರ್ಜಿ ಏರುತ್ತಲೇ ಹೋಯಿತು.

ಲಂಡನ್ನಿನ ಗಿಡಿಯನ್ ಲ್ಯಾಕ್ ಮತ್ತು ಸಂಗಡಿಗರು 2008ರಲ್ಲಿ ಬ್ರಿಟನ್ ಮತ್ತು ಇಸ್ರೇಲಿನ ಯಹೂದಿ ಮಕ್ಕಳನ್ನು ಹೋಲಿಸಿದರು. ಬ್ರಿಟನ್ನಿನಲ್ಲಿ ಶೇ 1.85 ಮಕ್ಕಳಿಗೆ ಅಲರ್ಜಿ, ಇಸ್ರೇಲಿನಲ್ಲಿ ಶೇ 0.17. ಇಸ್ರೇಲಿನ ಕೂಸುಗಳು ವರ್ಷ ತುಂಬುವ ಮೊದಲೇ ಕಡಲೆಕಾಯಿಯ ತಿನಿಸು ತಿನ್ನುತ್ತಿದ್ದವು. ಇದು ಸುಳಿವಷ್ಟೇ, ಎರಡು ದೇಶಗಳ ನಡುವೆ ವ್ಯತ್ಯಾಸಗಳು ನೂರಾರು. ಆದ್ದರಿಂದ ಅವರು ತೀವ್ರ ಇಸುಬು ಅಥವಾ ಮೊಟ್ಟೆಯ ಅಲರ್ಜಿ ಇದ್ದ, 4ರಿಂದ 11 ತಿಂಗಳೊಳಗಿನ 640 ಕೂಸುಗಳನ್ನು ಎರಡು ಪಾಲು ಮಾಡಿದರು. ಒಂದು ಪಾಲಿಗೆ ವಾರಕ್ಕೆ 6 ಗ್ರಾಂ ಕಡಲೆಕಾಯಿ ಪ್ರೋಟೀನ್, ಇನ್ನೊಂದಕ್ಕೆ ಪೂರ್ತಿ ವರ್ಜ್ಯ. ಲೀಪ್ ಎಂಬ ಈ ಪ್ರಯೋಗ 2015ರಲ್ಲಿ ಪ್ರಕಟವಾಯಿತು. ಐದನೆಯ ವಯಸ್ಸಿನಲ್ಲಿ ಅಲರ್ಜಿ ಇದ್ದವರು ದೂರವಿಟ್ಟವರಲ್ಲಿ ಶೇ 17.2, ತಿಂದವರಲ್ಲಿ ಶೇ 3.2. ಸಲಹೆ ತಲೆಕೆಳಗಾಯಿತು.

ಕಾರಣವೇನಿರಬಹುದು? ಇಸುಬಿನಿಂದ ಬಿರಿದ ಚರ್ಮದ ಮೂಲಕ ಒಳಬರುವ ಆಹಾರದ ಕಣ ರಕ್ಷಣಾ ವ್ಯವಸ್ಥೆಯನ್ನು ಕೆರಳಿಸುತ್ತದೆ, ಬಾಯಿಯ ಮೂಲಕ ಕರುಳಿಗೆ ಹೋಗುವುದು ಸಹಿಷ್ಣುತೆ ಕಲಿಸುತ್ತದೆ ಎಂಬುದು ಲ್ಯಾಕ್ ಅವರ ವಿವರಣೆ. ಮನೆಯಲ್ಲಿ ಕಡಲೆಕಾಯಿ ಇದ್ದು ಕೂಸಿಗೆ ಮಾತ್ರ ಕೊಡದಿದ್ದರೆ ಮೊದಲ ದಾರಿ ತೆರೆದು ಎರಡನೆಯದು ಮುಚ್ಚಿದಂತಾಯಿತು.

ದೂರವಿಟ್ಟ ಗುಂಪಿನಲ್ಲೂ ನೂರಕ್ಕೆ ಸುಮಾರು 83 ಮಕ್ಕಳಿಗೆ ಅಲರ್ಜಿ ಬರಲಿಲ್ಲ ಎಂಬುದನ್ನು ಗಮನಿಸಬೇಕು. ವೈದ್ಯರ ಸಲಹೆ ಫಲಿಸಿತೆಂದು ಅವರ ತಾಯಂದಿರೆಲ್ಲ ನಂಬಲು ಅಡ್ಡಿಯಿರಲಿಲ್ಲ. ಒಂದೊಂದು ಮನೆಯ ಅನುಭವದಿಂದ ಸತ್ಯ ಹೊರಬೀಳುವಂತಿರಲಿಲ್ಲ. ಒಂದು ಎಚ್ಚರಿಕೆಯೂ ಇದೆ. ಇಡೀ ಕಡಲೆಬೀಜ ಸಣ್ಣ ಮಕ್ಕಳ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ತೀವ್ರ ಇಸುಬಿರುವ ಕೂಸಿಗೆ ವೈದ್ಯರನ್ನು ಕೇಳದೆ ಕಡಲೆಕಾಯಿ ಆರಂಭಿಸಬಾರದು.

ಚರ್ಮ ಅಥವಾ ರಕ್ತದ ಪರೀಕ್ಷೆಯಲ್ಲಿ ಪಾಸಿಟಿವ್ ಬಂದರೆ ಅಲರ್ಜಿ ಇದೆಯೆಂದೇ ಅರ್ಥ ಎನ್ನುವುದು ಇನ್ನೊಂದು ತಪ್ಪು ಕಲ್ಪನೆ. ಬೆಂಗಳೂರು ಮತ್ತು ಮೈಸೂರಿನ ವಯಸ್ಕರಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಯಾವುದಾದರೊಂದು ಆಹಾರಕ್ಕೆ ರಕ್ತಪರೀಕ್ಷೆಯಲ್ಲಿ ಪ್ರತಿಕ್ರಿಯೆ ಕಂಡವರು ಶೇ 26.5, ತಿಂದಾಗ ಲಕ್ಷಣಗಳೂ ಕಾಣಿಸಿಕೊಂಡು ಅಲರ್ಜಿಯೆಂದು ಎಣಿಸಬಹುದಾದವರು ಶೇ 1.2 ಮಾತ್ರ. ಕಾಗದದ ಮೇಲಿನ ಪಾಸಿಟಿವ್ ಹಿಡಿದು ಮಕ್ಕಳ ತಟ್ಟೆಯಿಂದ ಹಾಲು, ಮೊಟ್ಟೆ, ಬೇಳೆಗಳನ್ನು ಒಂದೊಂದಾಗಿ ತೆಗೆದರೆ ನಷ್ಟ ಮಗುವಿಗೆ.

ಇಲ್ಲಿ ನಡೆಯಬೇಕಾದ್ದು

ಮೂರೂ ಕ್ಷೇತ್ರಗಳ ಸಾರ ಒಂದೇ. ಚಿಕಿತ್ಸೆಯಿಂದ ಏನಾಯಿತು ಎಂಬುದರ ಜೊತೆಗೆ, ಅದಿಲ್ಲದಿದ್ದರೆ ಏನಾಗುತ್ತಿತ್ತು ಎಂಬುದೂ ತಿಳಿಯಬೇಕು. ಮಂಡಿಗೆ ಹುಸಿ ಶಸ್ತ್ರಚಿಕಿತ್ಸೆ, ಅಪರೂಪದ ಗಡ್ಡೆಗೆ ಹಲವು ದೇಶಗಳ ಕೂಟ ಅಥವಾ ರೋಗದ ಗತಿಯ ಖಚಿತ ತಿಳಿವು, ಅಲರ್ಜಿಗೆ ವರ್ಷಗಟ್ಟಲೆ ಕಾಯುವ ತಾಳ್ಮೆ: ಎರಡನೆಯ ಪ್ರಶ್ನೆಗೆ ಉತ್ತರ ಪಡೆಯುವ ಬೇರೆ ಬೇರೆ ದಾರಿಗಳಷ್ಟೇ.

ಭಾರತಕ್ಕೆ ಈ ವಿದ್ಯೆ ಹೊಸದೇನಲ್ಲ. ಕ್ಷಯಕ್ಕೆ ಆರೋಗ್ಯಧಾಮದಲ್ಲಿ ಮಲಗಿಸಿ ಕೊಡುವ ಚಿಕಿತ್ಸೆಗೂ ಮನೆಯಲ್ಲೇ ಮಾತ್ರೆ ಕೊಡುವುದಕ್ಕೂ ಫಲದಲ್ಲಿ ಹೆಚ್ಚು ಅಂತರವಿಲ್ಲ ಎಂದು 1950ರ ದಶಕದಲ್ಲಿ ಜಗತ್ತಿಗೆ ತೋರಿಸಿದ್ದು ಮದರಾಸಿನ ಪ್ರಯೋಗ. 2007ರಿಂದ ದೇಶದ ಚಿಕಿತ್ಸಾ ಪ್ರಯೋಗಗಳ ಸಾರ್ವಜನಿಕ ನೋಂದಣಿ ಇದೆ. 2009ರಿಂದ ನೋಂದಣಿ ಕಡ್ಡಾಯ. ಯಾವ ರೋಗಕ್ಕೆ ಎಲ್ಲಿ ಏನು ಪರೀಕ್ಷೆ ನಡೆದಿದೆ ಎಂದು ಅಲ್ಲಿ ಯಾರು ಬೇಕಾದರೂ ನೋಡಬಹುದು. ಆದರೆ ಉತ್ತರ ಬೇಕಾದ ಪ್ರಶ್ನೆಗಳು ಇನ್ನೂ ರಾಶಿ ಇವೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವ, ಕುಕ್ಕರಗಾಲಲ್ಲಿ ಗದ್ದೆಯ ಕಳೆ ಕೀಳುವ ಮಂಡಿಗೆ ಫಿನ್ಲೆಂಡಿನ ಲೆಕ್ಕ ಎಷ್ಟರಮಟ್ಟಿಗೆ ಒಪ್ಪುತ್ತದೆ? ತಾಲ್ಲೂಕು ಆಸ್ಪತ್ರೆಯಿಂದ ತಡವಾಗಿ ಬರುವ ಮೂಳೆ ಗಡ್ಡೆಯ ಹುಡುಗನಿಗೆ ಯಾವ ಔಷಧಿಕ್ರಮ ತಕ್ಕದ್ದು? ಇವಕ್ಕೆ ಉತ್ತರ ಕೊಡಬಲ್ಲವರು ಇಲ್ಲಿನ ವೈದ್ಯರು, ಮತ್ತು ತಿಳಿದು ಒಪ್ಪಿ ಪ್ರಯೋಗಕ್ಕೆ ಸೇರುವ ಇಲ್ಲಿನ ರೋಗಿಗಳು. ಮೇಲೆ ಹೇಳಿದ ಅಂಕಿಗಳಲ್ಲಿ ಹೆಚ್ಚಿನವು ಪ್ರಯೋಗಕ್ಕೆ ಸೇರಿದ ರೋಗಿಗಳಿಂದಲೇ ದೊರೆತವು.