ಸೇಡಂ–ಚಿಂಚೋಳಿ ಪ್ರವಾಸ: ವಾಸ್ತವ್ಯ ಎಲ್ಲಿ ಸೂಕ್ತ?

ಕಲಬುರಗಿ ಜಿಲ್ಲೆಯ ಪೂರ್ವ ಮತ್ತು ದಕ್ಷಿಣ ಭಾಗದಲ್ಲಿ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಹಾಗೂ ಚಿಂಚೋಳಿಗಳಿವೆ. ಸಿಮೆಂಟ್, ಹಾಸುಗಲ್ಲು ಮತ್ತು ತೊಗರಿಗೆ ಹೆಸರಾದ ಈ ನೆಲದಲ್ಲಿಯೇ ರಾಷ್ಟ್ರಕೂಟರ ರಾಜಧಾನಿಯಿತ್ತು, ಅಶೋಕನ ಶಾಸನ ದೊರೆತಿದೆ, ವನ್ಯಜೀವಿ ಧಾಮವೂ ಇದೆ. ಆದರೆ ಇಲ್ಲಿಗೆ ಪ್ರವಾಸ ಹೊರಡುವವರು ಎದುರಿಸುವ ಮೊದಲ ಪ್ರಶ್ನೆ, ರಾತ್ರಿ ತಂಗುವುದು ಎಲ್ಲಿ ಎಂಬುದು.

ಕೆರಿಬಿಯನ್ ಪ್ರದೇಶದ ಬಾರ್ಬಡೋಸ್ ದ್ವೀಪಕ್ಕೆ ಹೋಗುವವರು ಹೋಟೆಲ್ ಹುಡುಕುವ ಮೊದಲು ದಡವನ್ನು ಆಯ್ದುಕೊಳ್ಳುತ್ತಾರೆ. ಅಲ್ಲಿನ ಪಶ್ಚಿಮ ತೀರ ಶಾಂತ; ಪೂರ್ವ ತೀರದಲ್ಲಿ ಅಟ್ಲಾಂಟಿಕ್ ಸಾಗರದ ಅಬ್ಬರ. ಸಮುದ್ರವಿಲ್ಲದ ಈ ಬಿಸಿಲ ನಾಡಿಗೂ ಅದೇ ವಿವೇಚನೆ ಅನ್ವಯಿಸುತ್ತದೆ. ಕೊಠಡಿಯ ಬಾಡಿಗೆಗಿಂತ ಮೊದಲು ನಿರ್ಧರಿಸಬೇಕಾದದ್ದು ಯಾವ ಸ್ಥಳವನ್ನು, ಯಾವ ಹೊತ್ತಿನಲ್ಲಿ ನೋಡಬೇಕೆಂಬುದನ್ನು. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವ ಈ ಭಾಗದಲ್ಲಿ ನೆರಳಿಲ್ಲದ ಕೋಟೆ, ಸ್ತೂಪಗಳನ್ನು ಮಧ್ಯಾಹ್ನ ನೋಡಹೊರಟವರಿಗೆ ದಣಿವೇ ಲಾಭ.

ಕಲಬುರಗಿ: ಕುಟುಂಬಗಳಿಗೆ ಅನುಕೂಲ

ವಯೋವೃದ್ಧರು, ಮಕ್ಕಳೊಂದಿಗೆ ಬರುವವರಿಗೆ ಜಿಲ್ಲಾ ಕೇಂದ್ರವೇ ಸುರಕ್ಷಿತ ಆಯ್ಕೆ. ವಿವಿಧ ದರದ ವಸತಿಗೃಹಗಳು, ಆಸ್ಪತ್ರೆಗಳು, ಬಾಡಿಗೆ ವಾಹನಗಳು ಇಲ್ಲಿ ಲಭ್ಯ. ಮಳಖೇಡ ಸುಮಾರು 40 ಕಿ.ಮೀ., ಸನ್ನತಿ ಸುಮಾರು 60 ಕಿ.ಮೀ., ಚಿಂಚೋಳಿ ಸುಮಾರು 85 ಕಿ.ಮೀ. ದೂರದಲ್ಲಿವೆ. ಈ ಮೂರೂ ಬೇರೆ ಬೇರೆ ದಿಕ್ಕಿನಲ್ಲಿರುವುದರಿಂದ ಒಂದೇ ದಿನದಲ್ಲಿ ಎಲ್ಲವನ್ನೂ ನೋಡುವ ಯೋಜನೆ ಹಾಕಿಕೊಂಡವರ ದಿನವೆಲ್ಲ ರಸ್ತೆಯಲ್ಲೇ ಕಳೆದುಹೋಗುತ್ತದೆ.

ಸೇಡಂ: ಮಳಖೇಡದ ಹೆಬ್ಬಾಗಿಲು

ಕಾಗಿಣಾ ನದಿಯ ದಡದ ಮಳಖೇಡವೇ ಅಂದಿನ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ರಾಜಧಾನಿ. ಕೋಟೆ, ಜೈನ ಬಸದಿಗಳ ಜೊತೆಗೆ ಟೀಕಾಚಾರ್ಯ ಜಯತೀರ್ಥರ ವೃಂದಾವನವೆಂದು ಉತ್ತರಾದಿ ಮಠ ಆರಾಧಿಸುವ ಕ್ಷೇತ್ರವೂ ಇಲ್ಲಿದೆ. ಬೆಳಗಿನ ತಂಪಿನಲ್ಲಿ ಕೋಟೆ ನೋಡಬಯಸುವವರಿಗೆ ಸೇಡಂ ಪಟ್ಟಣ ಹತ್ತಿರ. ಆದರೆ ಸುತ್ತಲಿನ ಸಿಮೆಂಟ್ ಕಾರ್ಖಾನೆಗಳ ಕೆಲಸಕ್ಕೆ ಬರುವವರೂ ಇದೇ ವಸತಿಗೃಹಗಳನ್ನು ಅವಲಂಬಿಸುವುದರಿಂದ ಕೊಠಡಿಯನ್ನು ಮೊದಲೇ ಖಚಿತಪಡಿಸಿಕೊಳ್ಳುವುದು ಒಳಿತು. ಆಷಾಢ ಬಹುಳ ಪಂಚಮಿಯ ಜಯತೀರ್ಥರ ಆರಾಧನೆಯ ಸಮಯದಲ್ಲಿ ಭಕ್ತರ ದಟ್ಟಣೆ ಹೆಚ್ಚು. ಆಗ ಮಠದಲ್ಲಿ ತಂಗಲು ಬಯಸುವವರು ಮುಂಚಿತವಾಗಿ ವಿಚಾರಿಸಿಕೊಳ್ಳಬೇಕು.

ವಾಡಿ, ಶಹಾಬಾದ್: ರೈಲು ಪ್ರಯಾಣಿಕರಿಗೆ

ಸೊಲ್ಲಾಪುರ, ರಾಯಚೂರು, ಸಿಕಂದರಾಬಾದ್ ದಿಕ್ಕಿನ ಹಳಿಗಳು ಕೂಡುವ ವಾಡಿ ಜಂಕ್ಷನ್‌ನಲ್ಲಿ ಇಳಿದರೆ ಚಿತ್ತಾಪುರ, ಮಳಖೇಡ ರೋಡ್, ಸೇಡಂ ನಿಲ್ದಾಣಗಳಿಗೆ ಅಲ್ಲಿಂದಲೇ ರೈಲು ಸಂಪರ್ಕವಿದೆ. ರಾತ್ರಿ ತಡವಾಗಿ ಇಳಿದು ಬೆಳಗ್ಗೆ ಮುಂದೆ ಸಾಗುವವರಿಗೆ ವಾಡಿಯ ಸಾಧಾರಣ ವಸತಿ ಸಾಕಾಗಬಹುದು. ವಿಹಾರಕ್ಕೆಂದು ಎರಡು ಮೂರು ದಿನ ನಿಲ್ಲುವ ಊರು ಅದಲ್ಲ. ಅದು ಕಾರ್ಖಾನೆ ಮತ್ತು ರೈಲಿನ ಪಟ್ಟಣ. ಹಾಸುಗಲ್ಲಿಗೆ ತನ್ನ ಹೆಸರನ್ನೇ ಕೊಟ್ಟ ಶಹಾಬಾದ್ ಕಲಬುರಗಿಗೆ ಸಮೀಪವಿರುವುದರಿಂದ ಅಲ್ಲಿಗೆ ಹಗಲು ಭೇಟಿ ಸಾಕು.

ಚಿತ್ತಾಪುರ: ನಾಗಾವಿ, ಸನ್ನತಿಗೆ

ಪ್ರಾಚೀನ ವಿದ್ಯಾಕೇಂದ್ರವಾಗಿದ್ದ ನಾಗಾವಿಯ ಘಟಿಕಾಸ್ಥಾನ ಚಿತ್ತಾಪುರ ಪಟ್ಟಣದ ಮಗ್ಗುಲಲ್ಲೇ ಇದೆ. ಅದೇ ತಾಲ್ಲೂಕಿನ ಭೀಮಾ ತೀರದ ಸನ್ನತಿಯಲ್ಲಿ 1980ರ ದಶಕದಲ್ಲಿ ಚಂದ್ರಲಾಂಬಾ ದೇವಾಲಯ ಆವರಣದ ಕಾಳಿ ಗುಡಿಯ ಚಾವಣಿ ಕುಸಿದಾಗ, ದೇವಿಯ ಪೀಠವಾಗಿದ್ದ ಶಿಲೆಯಲ್ಲಿ ಅಶೋಕನ ಶಾಸನ ಬೆಳಕಿಗೆ ಬಂತು. ಪಕ್ಕದ ಕನಗನಹಳ್ಳಿಯ ಬೌದ್ಧ ಸ್ತೂಪದಲ್ಲಿ ‘ರಾಯೋ ಅಸೋಕೋ’ ಎಂಬ ಬರಹವುಳ್ಳ ಅಶೋಕನ ಶಿಲ್ಪ ದೊರೆತಿದೆ. ಕುಲದೇವತೆಯ ದರ್ಶನಕ್ಕೆ ಬರುವವರು ತಂಗುವ ವ್ಯವಸ್ಥೆಯ ಬಗ್ಗೆ ದೇವಾಲಯದವರನ್ನು ಮೊದಲೇ ಕೇಳಿಕೊಳ್ಳುವುದು ಕ್ಷೇಮ. ರೈಲಿನಲ್ಲಿ ಬರುವವರಿಗೆ ನಾಲವಾರ ನಿಲ್ದಾಣ ಸಮೀಪ. ಅದೇ ಮಾರ್ಗದಲ್ಲಿ ಮುಂದಿರುವ ಯಾದಗಿರಿಯಲ್ಲಿ ವಾಸ್ತವ್ಯ ಹೂಡಿ ಬರಲೂ ಸಾಧ್ಯ. ಸ್ವಂತ ವಾಹನವಿಲ್ಲದವರು ಸನ್ನತಿಯಿಂದ ಮರಳುವ ಬಸ್ಸಿನ ವೇಳೆಯನ್ನು ತಿಳಿದುಕೊಂಡೇ ಹೊರಡಬೇಕು.

ಚಿಂಚೋಳಿ: ಕಾಡಿನಲ್ಲೇ ರಾತ್ರಿ

2011ರಲ್ಲಿ ಘೋಷಣೆಯಾದ ಚಿಂಚೋಳಿ ವನ್ಯಜೀವಿ ಧಾಮದ ವಿಸ್ತೀರ್ಣ ಸುಮಾರು 135 ಚದರ ಕಿ.ಮೀ. ಚಂದ್ರಂಪಳ್ಳಿ ಜಲಾಶಯ, ಗೊಟ್ಟಂಗೊಟ್ಟ, ಎತ್ತಿಪೋತ ಜಲಪಾತಗಳು ಇಲ್ಲಿನ ಆಕರ್ಷಣೆ. ಮುಂಜಾನೆ ಮತ್ತು ಸಂಜೆಯೇ ಕಾಡಿನ ಹೊತ್ತು. ಆದ್ದರಿಂದ ಇಲ್ಲಿ ಮಾತ್ರ ದೂರದ ನಗರದಲ್ಲಿ ತಂಗಿ ಬಂದುಹೋಗುವುದು ವ್ಯರ್ಥ. ಅರಣ್ಯ ಇಲಾಖೆಯ ಅನುಮತಿ ಪಡೆದು, ಮುಂಗಡವಾಗಿ ಕಾಯ್ದಿರಿಸಿ ಬರಬೇಕು. ಅದು ದೊರೆಯದಿದ್ದರೆ ಚಿಂಚೋಳಿ ಪಟ್ಟಣವೇ ಆಸರೆ. ಜಲಪಾತ ಮಳೆಗಾಲದಲ್ಲಿ ಮೈದುಂಬುತ್ತದೆ. ಮಾನ್ಯಖೇಟ, ಸನ್ನತಿಗಳಿಗೆ ನವೆಂಬರ್‌ನಿಂದ ಫೆಬ್ರುವರಿ ಹಿತಕರ. ಹೀಗಾಗಿ ಕಾಡು ಮತ್ತು ಕೋಟೆಗೆ ಎರಡು ಪ್ರತ್ಯೇಕ ಪ್ರವಾಸಗಳೇ ಲೇಸು.

ಒಂದು ರಾತ್ರಿಯ ಬೆಲೆ

ವಾಸ್ತವ್ಯದ ಆಯ್ಕೆ ಪ್ರವಾಸಿಗನ ಅನುಕೂಲಕ್ಕಷ್ಟೇ ಸಂಬಂಧಿಸಿದ್ದಲ್ಲ. ನಗರದಿಂದ ಬಂದು ಸಂಜೆಗೆ ಮರಳುವವರಿಂದ ಈ ಊರುಗಳಿಗೆ ದಕ್ಕುವುದು ಚಹಾದ ಕಾಸು ಮಾತ್ರ. ಒಂದು ರಾತ್ರಿ ತಂಗಿದರೆ ವಸತಿಗೃಹಕ್ಕೆ, ಜೋಳದ ರೊಟ್ಟಿ ಬಡಿಸುವ ಖಾನಾವಳಿಗೆ, ಆಟೋ ಚಾಲಕನಿಗೆ ದುಡಿಮೆ ಸಿಗುತ್ತದೆ. ತಂಗುವವರಿಲ್ಲವೆಂದು ಒಳ್ಳೆಯ ವಸತಿ ಏಳದು. ಒಳ್ಳೆಯ ವಸತಿ ಇಲ್ಲವೆಂದು ಯಾರೂ ತಂಗರು. ಮೂರು ದಿನ ಬಿಡುವಿರುವವರು ಎರಡು ರಾತ್ರಿ ಕಲಬುರಗಿಯಲ್ಲಿ ಕಳೆದರೂ, ಒಂದು ರಾತ್ರಿಯನ್ನು ಸೇಡಂ ಅಥವಾ ಚಿಂಚೋಳಿಗೆ ಮೀಸಲಿಡಬಹುದು. ಮಾನ್ಯಖೇಟದ ಕೋಟೆಯ ಮೇಲೆ ಬಿಸಿಲೇರುವ ಮುನ್ನ ನಿಲ್ಲುವ ಭಾಗ್ಯ ಹತ್ತಿರ ತಂಗಿದವರಿಗೆ ಸುಲಭ.